ಸಂತ ಕ್ರಿಸ್ಪಿನರ ಕಾಲು

"ಹಲಗೆ ಮೇಲೆ ಹೆಸರು ಬೇಕಾ ನಿಂಗೆ? ಬರೆಸ್ಕೊಡ್ತೀನಿ ಬಾರೋ ಪೆನಿ. ಶಾಲೆಯ ಹಂದಿದೊಡ್ಡಿಗೆ ಹೊಸ ಬಾಗಿಲು ಹಾಕ್ಸಿದೀವಿ, ಹಲಗೆ ನುಣ್ಣಗಿದೆ. ಅಲ್ಲಿ ಬರ್ಕೋ. ಹಂದಿಗಳದೇನೂ ಆಕ್ಷೇಪ ಇಲ್ವಂತೆ, ನಾನೇ ವಿಚಾರಿಸಿದೀನಿ."

ಭಾನುವಾರದ ಬಲಿಪೂಜೆ ಮುಗಿದು ಇಡೀ ಊರು ಬಿಳಿ ಬಟ್ಟೆಯಲ್ಲಿ ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದಾಗ ಕೋಚ್ ಫೆರೆತಿ ಈ ಮಾತು ಹೇಳಿದ. ಅವನದು ರಗ್ಬಿ ಮೈದಾನದ ಈ ಕಂಬದಿಂದ ಆ ಕಂಬಕ್ಕೆ ಎದುರುಗಾಳಿಯಲ್ಲೂ ತಲುಪುವ ದನಿ. ಸಮುದ್ರದಲ್ಲಿ ದೋಣಿಯ ಮೇಲಿದ್ದವರಿಗೂ ಕೇಳಿಸಿರಬೇಕು. ಮುನ್ನೂರು ಜನ ನಕ್ಕರು. ಫಾದರ್ ನಗಲಿಲ್ಲ, ಕೆಮ್ಮಿದರು. ಆದರೆ ಅಷ್ಟು ಸಂತೋಷವಾಗಿ ಕೆಮ್ಮುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಸೋದರಮಾವ ಸೊಲೊಮೋನಾ, ನಮ್ಮ ಕುಟುಂಬದ ಯಜಮಾನ, ಊರ ಸಭೆಯಲ್ಲಿ ಕೋಲು ಹಿಡಿದು ನಿಂತು ಮಾತಾಡುವ ದೊಡ್ಡ ಮನುಷ್ಯ, ಆಕಾಶ ನೋಡಿದ. ಅವನ ಹೆಂಡತಿ ಸಿನಾ ಅತ್ತೆ ನನ್ನನ್ನು ನೋಡಿದಳು. ಆಕಾಶ ನೋಡಿದವನೇ ವಾಸಿ.

ನಾನು ಕೇಳಿದ್ದು ಇಷ್ಟೇ. ಸಂತ ಕ್ರಿಸ್ಪಿನರ ಹುಡುಗರ ಶಾಲೆಯ ಸಭಾಂಗಣದಲ್ಲಿ ಒಂದು ದೊಡ್ಡ ಹಲಗೆ ಇದೆ. ಕಪ್ ಗೆದ್ದ ತಂಡಗಳ ಹೆಸರುಗಳನ್ನು ಅದರ ಮೇಲೆ ಚಿನ್ನದ ಬಣ್ಣದಲ್ಲಿ ಬರೆಯುತ್ತಾರೆ. ನಾಲ್ಕು ವರ್ಷದ ಹಿಂದೆ ನಾವು ಗೆದ್ದೆವು. ಕೊನೆಯ ಟ್ರೈ ಹೊಡೆದವನು ನಾನು. ಮೂವರನ್ನು ಬೆನ್ನಿಗೆ ಅಂಟಿಸಿಕೊಂಡೇ ಚೆಂಡಿನೊಂದಿಗೆ ಗೆರೆ ದಾಟಿದ್ದೆ. ಆ ವರ್ಷದ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ 'ಕೋಚ್ ಫೆರೆತಿ' ಎಂದಿದೆ, ಕೆಳಗೆ ಹದಿನಾಲ್ಕು ಹೆಸರುಗಳಿವೆ. ಹನ್ನೊಂದನೆಯ ಅಂಕಿಯ ಮುಂದೆ ಬರೀ ಮರ. ನೋಡಲು ಬಂದ ಪರವೂರಿನವರು, "ನಿಮ್ಮೋರು ಹದಿನಾಲ್ಕೇ ಜನ ಆಡಿ ಗೆದ್ರಾ?" ಎಂದು ಬಾಯಿ ಬಿಡುತ್ತಾರೆ. "ಹನ್ನೊಂದನೇದು ಪವಿತ್ರಾತ್ಮ," ಎನ್ನುತ್ತಾನೆ ಫೆರೆತಿ.

ಬುಧವಾರ ಶಾಲೆಗೆ ಐವತ್ತು ತುಂಬುತ್ತಿತ್ತು. ಹಲಗೆಗೆ ಹೊಸ ಎಣ್ಣೆ ಹಚ್ಚಿದ್ದರು. ಮಂತ್ರಿ ಬರುವವರಿದ್ದರು. ಈಗ ಬರೆಯದಿದ್ದರೆ ನನ್ನ ಹೆಸರು ಇನ್ನು ಐವತ್ತು ವರ್ಷ ಪವಿತ್ರಾತ್ಮನದೇ.

ಹೆಸರು ಯಾಕಿಲ್ಲ ಎಂದರೆ, ಕಾಲಿನ ದೆಸೆಯಿಂದ. ನನ್ನ ಕಾಲಲ್ಲ, ಸಂತನದು. ಸಂತ ಕ್ರಿಸ್ಪಿನರು ಚಮ್ಮಾರರ ಸಂತ. ಅವರ ಹೆಸರಿನ ನಮ್ಮ ಶಾಲೆಯಲ್ಲಿ ಮಾತ್ರ ಐವತ್ತು ವರ್ಷದಿಂದ ಯಾರೂ ಬೂಟು ಹಾಕಿ ಆಡಿಲ್ಲ. ಬರಿಗಾಲಲ್ಲೇ ಆಡಬೇಕು, ಅದು ಶಾಲೆ ಕಟ್ಟಿದ ಸನ್ಯಾಸಿ ಬ್ರದರುಗಳು ಮಾಡಿದ ಕಟ್ಟಳೆ. ಸಭಾಂಗಣದ ಜಗಲಿಯಲ್ಲಿ ಸಂತರ ಗಾರೆಯ ಮೂರ್ತಿ ಇದೆ, ಅದೂ ಬರಿಗಾಲಲ್ಲೇ. ಕಪ್ ಗೆದ್ದ ಮರುದಿನ ಬೆಳಿಗ್ಗೆ ನೋಡಿದರೆ ಸಂತರ ಬಲಗಾಲು ಹರಡಿನಿಂದ ಕೆಳಕ್ಕೆ ಇರಲಿಲ್ಲ. ಪಾದ ಹೂಕುಂಡದಲ್ಲಿ ಸಿಕ್ಕಿತು.

"ಪೆನಿ ನಿನ್ನೆ ಜಗಲೀಲಿ ಚೆಂಡು ಆಡಿಸ್ತಿದ್ದ, ನಾನು ಕಣ್ಣಾರೆ ಕಂಡೆ," ಎಂದ ಫೆರೆತಿ, ಇಡೀ ತರಗತಿಯ ಮುಂದೆ. "ಎದ್ದು ನಿಂತು ಕ್ಷಮೆ ಕೇಳು."

"ನಾನು ಒಡೆದಿಲ್ಲ ಸಾರ್."

"ಒಡೆದೆಯೋ ಬಿಟ್ಟೆಯೋ, ಕ್ಷಮೆ ಕೇಳೋಕೇನು ರೋಗ?"

ಅವನು ಬಾಗಿಲಲ್ಲಿ ನಿಂತಿದ್ದ. ಹಾಗಾಗಿ ನಾನು ಕಿಟಕಿಯಿಂದ ಹೋದೆ. ಮತ್ತೆ ಶಾಲೆಗೆ ಕಾಲಿಡಲಿಲ್ಲ. ಸಮೋವಾದ ರಾಜಧಾನಿ ಅಪಿಯಾದ ಬಸ್ ಶೆಡ್ಡಿನಲ್ಲಿ ಕುಂಚ ಹಿಡಿದೆ. ಇಂದು ಈ ದ್ವೀಪದಲ್ಲಿ ಓಡುವ ಮರದ ಬಸ್ಸುಗಳಲ್ಲಿ ಅರ್ಧದ ಮೇಲೆ ನಾನು ಬರೆದ ಹೆಸರು, ನಾನು ಬರೆದ ಹದ್ದು, ನಾನು ಬರೆದ ಯೇಸು. ಅಂಗೈಯಗಲ ಜಾಗ ಕೊಟ್ಟರೆ ತಿಮಿಂಗಿಲ ಬೇಟೆಯನ್ನೇ ಬರೆದುಕೊಡುತ್ತೇನೆ. ಊರವರ ಹೆಸರನ್ನೆಲ್ಲ ಬರೆದವನಿಗೆ ತನ್ನ ಹೆಸರು ಬರೆದುಕೊಳ್ಳಲು ಹಂದಿದೊಡ್ಡಿ!

ಮನೆಯಲ್ಲಿ ಭಾನುವಾರದ ಊಟ. ಬಿಸಿಕಲ್ಲಿನ ಒಲೆಯಿಂದ ಸಿನಾ ಅತ್ತೆ ಕೆಸುವಿನ ಗಡ್ಡೆ ತೆಗೆದು ಬಡಿಸುತ್ತ, ಪ್ರತಿ ಗಡ್ಡೆಗೂ ಒಂದೊಂದು ಮಾತು ಸೇರಿಸಿದಳು.

"ಮುನ್ನೂರು ಜನ." ಒಂದು ಗಡ್ಡೆ. "ಪಕ್ಕದೂರಿನ ಮೆಥಡಿಸ್ಟ್ ಬೀಗರೂ ಇದ್ರು." ಇನ್ನೊಂದು ಗಡ್ಡೆ. "ಕ್ಷಮೆ ಕೇಳಿದ್ರೆ ನಾಲಿಗೆ ಸವೆದು ಹೋಗ್ತಿತ್ತಾ?"

"ಮಾಡದ ತಪ್ಪಿಗೆ ನಾನ್ಯಾಕೆ ಕೇಳ್ಲಿ?"

ಸೊಲೊಮೋನಾ ಮಾವ ಗಂಟಲು ಸರಿಮಾಡಿಕೊಂಡ. ಅವನು ಉಪ್ಪು ಕೇಳುವುದಕ್ಕೂ ವಂಶಾವಳಿಯಿಂದ ಶುರು ಮಾಡುವವನು. "ನಮ್ಮ ಮುತ್ತಾತ," ಎಂದ, "ಮಾಡದ ತಪ್ಪಿಗೆ ಮೂರು ಸಲ ಕ್ಷಮೆ ಕೇಳಿದ. ನಾಲ್ಕನೇ ಸಲ ತಪ್ಪು ಮಾಡಿದಾಗ ಯಾರೂ ಅವನನ್ನ ಏನೂ ಅನ್ನಲಿಲ್ಲ. ಇದಕ್ಕೆ ದೂರದೃಷ್ಟಿ ಅಂತಾರೆ."

"ನಾನು ಸತ್ರೂ ಕೇಳಲ್ಲ ಮಾವ."

"ಸತ್ಮೇಲೆ ಯಾರೂ ಕೇಳಲ್ಲ ಬಿಡು. ಆಗ ನಾವು ಕೇಳ್ಬೇಕು, ನಿನ್ನ ಪರವಾಗಿ."

ಊಟ ಮುಗಿಯುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು. ಕೇಳುವುದಿಲ್ಲ, ಬರೆಯುವುದು. ಹೇಗೂ ಮಂಗಳವಾರ ಅತ್ತೆ ನನ್ನನ್ನು ಶಾಲೆಗೆ ಕಳಿಸುವವಳಿದ್ದಳು: ಸುವರ್ಣೋತ್ಸವಕ್ಕೆ ನಮ್ಮ ಮನೆಯ ಕಾಣಿಕೆಯಾಗಿ ಒಂದು ನಯಚಾಪೆ ಹೋಗಬೇಕಿತ್ತು. ನಯಚಾಪೆ ಎಂದರೆ ಮಲಗುವ ಚಾಪೆಯಲ್ಲ. ಅತ್ತೆಯ ಅಜ್ಜಿ ಎರಡು ವರ್ಷ ಕೂತು ಹೆಣೆದದ್ದು, ರೇಷ್ಮೆಯಂತೆ ಬಾಗುತ್ತದೆ, ಅಂಚಿಗೆ ಕೆಂಪು ಗರಿ. ಏಳು ಮದುವೆ, ನಾಲ್ಕು ಸಾವು ನೋಡಿದೆ. ಮನೆಯಲ್ಲಿ ಅದಕ್ಕಿರುವ ಮರ್ಯಾದೆ ನನಗಿಲ್ಲ.

ಆ ಚಾಪೆಯ ಸುರುಳಿಯೊಳಗೆ ಒಂದು ಡಬ್ಬಿ ಚಿನ್ನದ ಬಣ್ಣ, ಎರಡು ಕುಂಚ ಸೇರಿಸಿದೆ. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಹುಡುಗರು ಪ್ರಾರ್ಥನೆಗೆ ಬರುವ ಮೊದಲೇ ಸಭಾಂಗಣಕ್ಕೆ ನುಗ್ಗಿ, ಹನ್ನೊಂದನೆಯ ಜಾಗ ತುಂಬಿ, ಚಾಪೆ ಕೊಟ್ಟು ಬರುವುದು. ಇಂಥ ಸರಳವಾದ ಯೋಜನೆಯನ್ನು ದೇವರು ಹೇಗೆ ಬಿಟ್ಟಾನು?

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ನಾನು ಶಾಲೆಯ ಅಂಗಳದಲ್ಲಿದ್ದೆ. ಸಭಾಂಗಣಕ್ಕೆ ಬೀಗ. ಬೀಗದ ಕೈ ಎದುರುಗಡೆಯ ಬ್ರದರುಗಳ ಮನೆಯಲ್ಲಿ. ಆ ಮನೆಯ ಜಗಲಿಯಲ್ಲಿ ಪಿಲಾತ. ಪಿಲಾತ ಎಂದರೆ ಬ್ರದರುಗಳ ನಾಯಿ. ಹೆಸರು ಯೇಸುವಿನ ವಿಷಯದಲ್ಲಿ ಕೈತೊಳೆದುಕೊಂಡ ಪಿಲಾತನದಾದರೂ ಇದು ಯಾರ ವಿಷಯದಲ್ಲೂ ಕೈತೊಳೆದುಕೊಂಡದ್ದಿಲ್ಲ, ಹಲ್ಲು ಹಾಕಿಯೇ ತೀರುತ್ತಿತ್ತು. ಕಾಯೋಣ ಎಂದು ಅಂಗಳದ ನಡುವೆ ನಿಂತೆ. ಆಗ ಮಳೆ ಬಂತು. ನಮ್ಮ ಕಡೆ ಮಳೆ ಹನಿಯುವುದಿಲ್ಲ, ಸುರಿಯುತ್ತದೆ. ನನ್ನ ಡಬ್ಬಿಯ ಮುಚ್ಚಳ ಸಡಿಲ. ಚಿನ್ನದ ಬಣ್ಣಕ್ಕೆ ನೀರು ಬಿದ್ದರೆ ಅದು ಹೊಟ್ಟೆಕೆಟ್ಟ ಮಗುವಿನ ಬಣ್ಣಕ್ಕೆ ತಿರುಗುತ್ತದೆ. ಸರಕ್ಕನೆ ಹುಲ್ಲಿನ ಮೇಲೆ ಕೂತೆ, ಡಬ್ಬಿಯನ್ನು ತೊಡೆಗಳ ನಡುವೆ ಅವುಚಿದೆ, ಅದರ ಮೇಲೆ ಬಾಗಿದೆ, ಚಾಪೆ ಬಿಚ್ಚಿ ತಲೆಯ ಮೇಲಿಂದ ಪೂರ್ತಿ ಹೊದ್ದುಕೊಂಡೆ.

ಅಷ್ಟೇ ನಾನು ಮಾಡಿದ್ದು. ಬಸ್ಸಿಗೆ ಹದ್ದು ಬರೆಯುವವನಿಗೆ ಬಣ್ಣದ ಚಿಂತೆ ಬಿಟ್ಟು ಬೇರೆ ಹೊಳೆಯುವುದಿಲ್ಲ.

ಬ್ರದರ್ ಅಲೋಸಿಯೋ ಕಿಟಕಿ ತೆರೆದರು. ಎಂಬತ್ತು ವರ್ಷದ ಮುಖ್ಯೋಪಾಧ್ಯಾಯರು. ಅವರಿಗೆ ಕಂಡದ್ದೇನು? ಮುಂಜಾವು, ತಮ್ಮ ಮನೆಯ ಮುಂದೆ, ಜಡಿಮಳೆಯಲ್ಲಿ, ನಯಚಾಪೆ ಹೊದ್ದು, ತಲೆ ತಗ್ಗಿಸಿ ಕೂತ ಒಬ್ಬ ಮನುಷ್ಯ. ಸಮೋವಾದಲ್ಲಿ ಹುಟ್ಟಿದ ಕೂಸಿಗೂ ಇದರ ಅರ್ಥ ಗೊತ್ತು. ಇದು ಇಫೋಗಾ. ದೊಡ್ಡ ತಪ್ಪು ಮಾಡಿದವನು ಹೀಗೆ ಬಂದು ಕೂರುತ್ತಾನೆ; ಎದುರಿನವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತುವವರೆಗೆ, ಮನೆಯ ಪರವಾಗಿ ಮಾತಾಡುವವನ ಹೊರತು, ಯಾರೂ ಏಳುವ ಹಾಗಿಲ್ಲ. ಕೊಲೆಯಾದಾಗ, ಬಸ್ಸು ಯಾರ ಮೇಲಾದರೂ ಹರಿದಾಗ ಮಾಡುವ ಕೆಲಸ. ಗಾರೆಯ ಕಾಲಿಗಾಗಿ ಇದುವರೆಗೆ ಯಾರೂ ಮಾಡಿರಲಿಲ್ಲ.

"ಪ್ರಭುವೇ," ಎಂದು ಕೂಗಿದರು ಬ್ರದರ್, ಚಾಪೆಯಡಿ ಇಣುಕಿದ ನನ್ನ ಬಣ್ಣ ಮೆತ್ತಿದ ಕಾಲನ್ನು ಗುರುತಿಸಿ, "ಪೆನಿಯಾಮಿನಾ ಬಂದಿದಾನೆ! ಸಂತರ ಕಾಲಿಗೆ!"

ಗಂಟೆ ಹೊಡೆಯಿತು. ಹಾಸ್ಟೆಲಿನ ಇನ್ನೂರು ಹುಡುಗರು ಬಂದು ಮಳೆಯಲ್ಲೇ ಸಾಲಾಗಿ ನಿಂತು ಮೌನವಾದರು. ಆ ಹುಡುಗರು ಮೌನವಾದದ್ದು ಶಾಲೆಯ ಚರಿತ್ರೆಯಲ್ಲೇ ಮೊದಲು. ಪಿಲಾತ ಕೂಡ ಬೊಗಳಲಿಲ್ಲ. ರಸ್ತೆಯಲ್ಲಿ ನಾನೇ ಬಣ್ಣ ಬರೆದ ಬಸ್ಸೊಂದು ನಿಂತಿತು. ಪ್ರಯಾಣಿಕರು ಇಳಿದು ನೋಡಿದರು, ಎದೆಗೆ ಕೈ ಹಚ್ಚಿಕೊಂಡರು, ಹತ್ತಿದರು. ಬಸ್ಸು ಪಟ್ಟಣಕ್ಕೆ ಹೋಗದೆ ಹಿಂದಕ್ಕೆ ತಿರುಗಿ, ಸುದ್ದಿ ಹೇಳಲು ನಮ್ಮೂರಿಗೆ ಓಡಿತು.

ಆಗ ನನಗೆ ಅರ್ಥವಾಯಿತು. ಎದ್ದು ಓಡೋಣವೆಂದರೆ ತೊಡೆ ನಡುವೆ ಬಣ್ಣದ ಡಬ್ಬಿ. ಚಾಪೆ ಸರಿಸಿದರೆ ಕಳ್ಳ, ಸರಿಸದಿದ್ದರೆ ಪಶ್ಚಾತ್ತಾಪಿ. ನಾಲ್ಕು ವರ್ಷ ಬಗ್ಗದ ಕತ್ತು ಒಂದು ಮುಚ್ಚಳದ ದೆಸೆಯಿಂದ ಬಗ್ಗಿತ್ತು.

ಅರ್ಧ ಗಂಟೆಯಲ್ಲಿ ಅದೇ ಬಸ್ಸು ನಮ್ಮ ಕುಟುಂಬವನ್ನೆಲ್ಲ ತುಂಬಿಕೊಂಡು ಬಂತು. ಒಬ್ಬನ ತಪ್ಪು ಮನೆಯವರೆಲ್ಲರ ತಪ್ಪು. ಹನ್ನೆರಡು ಜನ ಹನ್ನೆರಡು ಚಾಪೆ ಹೊದ್ದು ನನ್ನ ಸುತ್ತ ದೊಪ್ಪದೊಪ್ಪನೆ ಕೂತರು. ಮಾವ ತನ್ನ ಚಾಪೆಯ ಅಂಚನ್ನು ನನ್ನದರ ಕೆಳಗೆ ತೂರಿಸಿ ಮುಖ ತಂದ. ಕಣ್ಣಲ್ಲಿ ನೀರು.

"ಶಭಾಷ್ ಮಗನೇ. ನಮ್ಮ ಮುತ್ತಾತನ ರಕ್ತ."

"ಮಾವ, ಇದು ಕ್ಷಮೆ ಅಲ್ಲ. ಮಳೆ."

"ಏನಂದೆ?"

"ಮಳೆ ಮಾವ. ಬಣ್ಣ ನೆನೀಬಾರದು ಅಂತ ಕೂತಿದೀನಿ. ಹಲಗೆಗೆ ಹೆಸರು ಬರಿಯೋಕೆ ಬಂದಿದ್ದೆ."

ಮಾವ ಡಬ್ಬಿ ನೋಡಿದ. ಅದು ಹೊರಗೆ ಕಾಣದಂತೆ ಚಾಪೆಯ ಅಂಚು ಕೆಳಗೆಳೆದ. ಆಮೇಲೆ ಮೆಲ್ಲಗೆ ಹೇಳಿದ: "ಎದ್ದೆಯೋ, ಕಾಲು ಮುರೀತೀನಿ. ಸಂತಂದಲ್ಲ, ನಿಂದು."

ಆಚೆ ಬದಿಯ ಚಾಪೆಯಿಂದ ಅತ್ತೆ, "ಏನಂತೆ?" ಎಂದಳು.

"ತುಂಬಾ ನೊಂದಿದಾನೆ," ಎಂದ ಮಾವ. ಎದ್ದು ನಿಂತು, ಕೋಲು ಊರಿ ಭಾಷಣ ಶುರು ಮಾಡಿದ. ದ್ವೀಪಗಳು ಸಮುದ್ರದಿಂದ ಮೇಲೆದ್ದ ದಿನದಿಂದ ಹಿಡಿದ. ದೊಡ್ಡ ಚಂಡಮಾರುತಕ್ಕೆ ಬರುವಷ್ಟರಲ್ಲಿ ಮಳೆ ನಿಂತಿತ್ತು. ರಗ್ಬಿಗೆ ಬರುವಷ್ಟರಲ್ಲಿ ಹುಡುಗರ ಬಟ್ಟೆ ಒಣಗಿತ್ತು. ಅಷ್ಟರಲ್ಲಿ ಊರವರೂ ಬಂದು ಸೇರಿದ್ದರು, ಪೊಲೀಸ್ ಠಾಣೆಯ ಸಾರ್ಜೆಂಟನೂ ಬಂದ. ಗಲಾಟೆಯಾಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಪುಸ್ತಕ ತೆರೆದು ಬ್ರದರನ್ನು ಕೇಳಿದ:

"ಗಾಯಗೊಂಡವರ ಹೆಸರು?"

"ಕ್ರಿಸ್ಪಿನ್."

"ವಯಸ್ಸು?"

"ಸಾವಿರದ ಏಳುನೂರರ ಮೇಲಾಯ್ತು."

ಸಾರ್ಜೆಂಟ್ ಬರೆದುಕೊಂಡ. "ಈಗ ಹೇಗಿದಾರೆ?"

"ನಿಂತಿದಾರೆ," ಎಂದರು ಬ್ರದರ್.

ಭಾಷಣ ಮುಗಿಯಿತು. ಬ್ರದರ್ ಅಲೋಸಿಯೋ ಕಣ್ಣೊರೆಸಿಕೊಂಡು, "ಫೆರೆತಿ ಎಲ್ಲಿ?" ಎಂದರು. "ಇವನನ್ನ ಗುರುತಿಸಿದ್ದು ಅವನು. ಚಾಪೆ ಎತ್ತೋನೂ ಅವನೇ."

ಫೆರೆತಿಯನ್ನು ಮನೆಯಿಂದ ಕರೆತಂದರು. ಚಾಪೆಯ ಹೆಣಿಗೆಯ ಸಂದಿನಿಂದ ನನಗೆ ಅವನ ಕಾಲಷ್ಟೇ ಕಾಣುತ್ತಿತ್ತು. ಆ ಕಾಲುಗಳು ಮುಂದೆ ಬಂದವು, ನಿಂತವು, ಹಿಂದೆ ಹೋದವು. ನನ್ನ ಸುತ್ತ ಎರಡು ಪ್ರದಕ್ಷಿಣೆ ಹಾಕಿದವು. ಕೊನೆಗೆ ಮೊಣಕಾಲೂರಿ, ಚಾಪೆ ಎತ್ತುವುದರ ಬದಲು ತನ್ನ ತಲೆಯನ್ನೇ ಒಳಗೆ ತೂರಿಸಿದ. ಬೆವರುತ್ತಿದ್ದ. ಅವನ ಕಣ್ಣು ನನ್ನ ಮುಖ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

"ಯಾಕೋ ಹಿಂಗೆ ಮಾಡ್ತಿದೀಯ?" ಎಂದು ಪಿಸುಗುಟ್ಟಿದ. "ಮೆಟ್ಟಿಲ ಮೇಲೆ ಅಂದದ್ದಕ್ಕೆ ಇಷ್ಟು ದೊಡ್ಡ ಸೇಡಾ?"

"ಸೇಡಾ?"

"ಏನೂ ಗೊತ್ತಿಲ್ಲದವನ ಹಾಗೆ ಆಡ್ಬೇಡ. ಮಾಡದ ತಪ್ಪಿಗೆ ಬಂದು ತಲೆ ಬಗ್ಸಿ ಕೂತ್ಕೊಂಡಿದೀಯ, ಇಡೀ ಊರು ಅಳ್ತಿದೆ. ನಿಂಗೆಲ್ಲಾ ಗೊತ್ತಾಗಿದೆ. ನೋಡಿದೋರು ಯಾರೋ ಹೇಳಿದಾರೆ. ಯಾರು, ಹಾಸ್ಟೆಲಿನ ಅಡಿಗೆಯವಳಾ?"

ಉಸಿರೆತ್ತಿದರೆ ಕೆಡುತ್ತದೆ ಎನ್ನಿಸಿ ನಾನು ಸುಮ್ಮನಿದ್ದೆ. ನನ್ನ ಜೀವಮಾನದಲ್ಲಿ ಸುಮ್ಮನಿದ್ದು ಲಾಭವಾದದ್ದು ಅದೇ ಮೊದಲು.

"ಕಪ್ ಗೆದ್ದ ಖುಷಿ ಕಣೋ," ಎಂದ. "ನಮ್ಮಣ್ಣ ನ್ಯೂಜಿಲೆಂಡಿಂದ ಬೂಟು ಕಳ್ಸಿದ್ದ. ಹಾಕ್ಕೊಂಡು ನೋಡೋಣ ಅನ್ನಿಸ್ತು. ಜಗಲೀಲಿ ಯಾರೂ ಇರ್ಲಿಲ್ಲ. ಒಂದೇ ಒಂದ್ ಸಲ ಚೆಂಡು ಒದ್ದೆ. ಚೆಂಡು ತಪ್ಪೋಯ್ತು, ಸಂತರ ಕಾಲು ಸಿಕ್ತು."

ಬೂಟು! ಸಂತ ಕ್ರಿಸ್ಪಿನರ ಶಾಲೆಯಲ್ಲಿ ಬೂಟು! ಹುಡುಗರ ಕಾಲಿನ ಉಗುರು ಕಿತ್ತು ಬಂದರೂ "ಬರಿಗಾಲೇ ನಮ್ಮ ಕಿರೀಟ" ಎನ್ನುತ್ತಿದ್ದವನು! ಅಲ್ಲೇ ಕತ್ತು ಹಿಚುಕಬೇಕು ಎನ್ನಿಸಿತು, ಆದರೆ ಕೈಯಲ್ಲಿ ಡಬ್ಬಿ.

"ಏಳಪ್ಪಾ," ಎಂದ. "ಯಾರಿಗೂ ಹೇಳ್ಬೇಡ."

"ಏಳಲ್ಲ."

"ಏನ್ ಬೇಕು?"

"ಹೆಸರು. ಹಲಗೆ ಮೇಲೆ, ಹನ್ನೊಂದನೇ ಜಾಗ. ಇವತ್ತೇ, ಈಗ್ಲೇ, ನನ್ ಕೈಯಿಂದ."

"ಜಯಂತಿ ಮುಗೀಲಿ, ಆಮೇಲೆ..."

"ಆಯ್ತು. ಜಯಂತಿ ಮುಗಿಯೋ ತನಕ ಇಲ್ಲೇ ಕೂತಿರ್ತೀನಿ. ಮಂತ್ರಿಗಳೂ ನೋಡ್ಲಿ."

ಹೊರಗೆ ನಿಂತವರಿಗೆ ಕಂಡದ್ದು ಒಂದೇ: ಒಂದೇ ಚಾಪೆಯ ಕೆಳಗೆ ಎರಡು ತಲೆ, ಹತ್ತು ನಿಮಿಷದಿಂದ, ನಡುಗುತ್ತಿವೆ. ಗುರುಶಿಷ್ಯರು ತಬ್ಬಿಕೊಂಡು ಅಳುತ್ತಿದ್ದಾರೆ ಎಂದು ತಿಳಿದು ಅಡಿಗೆಯವಳು ಕೀರ್ತನೆ ಎತ್ತಿದಳು. ಇನ್ನೂರು ಹುಡುಗರು ನಾಲ್ಕು ಸ್ವರಗಳಲ್ಲಿ ಸೇರಿಕೊಂಡರು. ಆ ಗದ್ದಲದಲ್ಲಿ ನಾವು ಬೇಕಾದಷ್ಟು ಗಟ್ಟಿಯಾಗಿ ಜಗಳವಾಡಬಹುದಾಗಿತ್ತು. ಆಡಿದೆವು ಕೂಡ.

ಕೊನೆಗೆ ಫೆರೆತಿ, "ಸರಿ ಮಾರಾಯ, ಹೆಸರು. ಆದ್ರೆ ನಿನ್ ಬಾಯಿಂದ ಒಂದ್ ಮಾತು ಆಚೆ ಬರ್ಬಾರ್ದು," ಎಂದ.

"ನನ್ ಬಾಯಿಂದ ಬರಲ್ಲ. ಸಂತರಾಣೆ."

ಚಾಪೆ ಎತ್ತಿದ. ಜನ ಚಪ್ಪಾಳೆ ಹೊಡೆದರು. ಆಮೇಲೆ ನನ್ನ ತೊಡೆಯ ನಡುವಿನ ಡಬ್ಬಿ, ಕುಂಚ ಕಂಡು ಎಲ್ಲರ ಕೈ ನಿಂತವು. ಸಾರ್ಜೆಂಟ್ ಪುಸ್ತಕ ತೆರೆದ.

"ಅಯ್ಯೋ ನನ್ ಕಂದಾ!" ಎಂದು ಸಿನಾ ಅತ್ತೆ ಕಿರುಚಿದಳು. "ಸಂತರ ಕಾಲಿಗೆ ಹಚ್ಚೋಕೆ ಚಿನ್ನ ತಂದಿದಾನೆ!"

ಊರಿಗೆ ಊರೇ ಗೊಳೋ ಎಂದಿತು. ಸಾರ್ಜೆಂಟ್ ಕೂಡ ಪುಸ್ತಕ ಮುಚ್ಚಿ ಮೂಗು ಒರೆಸಿಕೊಂಡ. ಇನ್ನು ಹಚ್ಚದೆ ವಿಧಿಯಿಲ್ಲ. ನನ್ನನ್ನು ಎತ್ತಿಕೊಂಡೇ ಹೋಗಿ ಮೂರ್ತಿಯ ಮುಂದೆ ಇಳಿಸಿದರು. ಸಿಮೆಂಟಿನಲ್ಲಿ ಅಂಟಿಸಿದ ಆ ಪಾದ ಸಾಮಾನ್ಯದ್ದೇ? ಇಬ್ಬರು ಸಂತರಿಗಾಗುವಷ್ಟು ಅಗಲ. ನನ್ನ ಡಬ್ಬಿಯೋ ಅಂಗೈಯಷ್ಟು. ಹೆಸರಿಗೆ ರೋಮನ್ ಲಿಪಿಯ ಒಂಬತ್ತು ಅಕ್ಷರಕ್ಕಾಗುವಷ್ಟು ಉಳಿಸಬೇಕು. ಬೆರಳು ಬೆರಳಿಗೂ ಬಣ್ಣ ಸವರಿ ಸವರಿ ಹಚ್ಚಿದೆ. "ಎಷ್ಟು ನಾಜೂಕಾಗಿ ಮಾಡ್ತಾನೆ ನೋಡು, ಭಕ್ತಿ!" ಎಂದರು. ಬ್ರದರ್ ಅಲೋಸಿಯೋ ಬಾಗಿ, "ಹಿಮ್ಮಡಿಗೂ ಸ್ವಲ್ಪ," ಎಂದರು. ಹಿಮ್ಮಡಿ ಗೋಡೆ ಕಡೆಗಿತ್ತು. "ಅದು ದೇವರಿಗೆ ಮಾತ್ರ ಕಾಣುತ್ತೆ ಬ್ರದರ್, ಅವನು ಅಡ್ಜಸ್ಟ್ ಮಾಡ್ಕೋತಾನೆ," ಎಂದು ಎದ್ದೆ.

ಫೆರೆತಿ ಮಾತಿಗೆ ತಪ್ಪಲಿಲ್ಲ. ಬ್ರದರ ಕಿವಿಯಲ್ಲಿ ಏನೋ ಹೇಳಿದ. ಬ್ರದರ್ ತಲೆದೂಗಿ ಸಭಾಂಗಣದ ಬೀಗ ತೆಗೆಸಿದರು. ಹಲಗೆಗೆ ಏಣಿ ಹಾಕಿದರು. ಎಲ್ಲರೂ ಒಳಗೆ ಬಂದು ಬೆಂಚುಗಳ ಮೇಲೆ ಕೂತರು. ನಾನು ಏಣಿ ಹತ್ತಿದೆ.

ನಾಲ್ಕು ವರ್ಷ ಬರಿದಾಗಿದ್ದ ಆ ಮರಕ್ಕೆ ಕುಂಚ ಮುಟ್ಟಿಸಿದೆ. ಮೊದಲ ಅಕ್ಷರ ತುಸು ವಾಲಿತು. ಇನ್ನೆಂಟು ನೆಟ್ಟಗೆ ನಿಂತವು. ಪೆನಿಯಾಮಿನಾ. ಹದಿನೈದು ಭರ್ತಿ. ಪವಿತ್ರಾತ್ಮನಿಗೆ ವಿಶ್ರಾಂತಿ.

ಕೆಳಗೆ ಫೆರೆತಿ ಹಲಗೆಗೆ ಬೆನ್ನು ಮಾಡಿ ಸಭೆಯ ಕಡೆ ತಿರುಗಿದ್ದ. ಮುಂದೆ ಮುನ್ನೂರು ಜನ ಕಂಡದ್ದೇ ಅವನ ದನಿ ಮತ್ತೆ ಗೋಲುಕಂಬ ದಾಟಿತು.

"ನೋಡಿ ಬಂಧುಗಳೇ! ನಾಲ್ಕು ವರ್ಷದ ಹಿಂದೆ ಈ ಕೈ ಏನು ಮಾಡ್ತು ಅಂತ ಎಲ್ಲರಿಗೂ ಗೊತ್ತು. ಸಂತರ ಪಾದಾನೇ ಮುರೀತು! ಇಂಥ ಹೆಸರಿಗೆ ಹಂದಿದೊಡ್ಡಿ ಬಾಗಿಲೇ ಹೆಚ್ಚು ಅಂತ ನಾನು ಮೊನ್ನೆ ಅಂದೆ, ಅಂದಿಲ್ಲ ಅನ್ನಲ್ಲ. ಆದ್ರೂ ನಮ್ಮದು ಕರುಣೆಯ ಶಾಲೆ. ಮುರಿದೋನನ್ನೂ ಮೇಲೆ ಕೂರಿಸ್ತೀವಿ!"

ಜನ ಚಪ್ಪಾಳೆ ಹೊಡೆದರು. ಮಾವ ಏಣಿಯ ಕೆಳಗಿಂದ ನನ್ನ ಕಾಲು ಹಿಡಿದುಕೊಂಡ. ನಾನು ಇಳಿದು ಬಂದು ಫೆರೆತಿಯ ಕತ್ತು ಹಿಡಿಯುತ್ತೇನೆ ಎಂದು ಅವನಿಗೆ ಹೆದರಿಕೆ.

ನಾನು ಇಳಿಯಲಿಲ್ಲ. ಡಬ್ಬಿ ನೋಡಿದೆ. ತಳದಲ್ಲಿ ಒಂದು ಚಮಚದಷ್ಟು ಚಿನ್ನ ಉಳಿದಿತ್ತು. ಇನ್ನೊಂದು ಮೆಟ್ಟಿಲು ಹತ್ತಿದೆ. ಆ ವರ್ಷದ ಸಾಲಿನ ತುದಿಯಲ್ಲಿ, 'ಕೋಚ್ ಫೆರೆತಿ' ಎಂಬುದರ ಪಕ್ಕ, ಅಂಗೈಯಗಲ ಜಾಗವಿತ್ತು.

ಫೆರೆತಿ ಕರುಣೆಯಿಂದ ಔದಾರ್ಯಕ್ಕೆ, ಔದಾರ್ಯದಿಂದ ಬರಿಗಾಲಿನ ಮಹಿಮೆಗೆ ಹೋಗುವಷ್ಟರಲ್ಲಿ ನನ್ನ ಕೆಲಸ ಮುಗಿಯಿತು. ಕೆಳಗಿಳಿದೆ, ಕುಂಚವನ್ನು ಉಟ್ಟ ಲಾವಾಲಾವಾ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಚಾಪೆಯನ್ನು ಮಡಿಸಿ ಬ್ರದರ ಕೈಗೆ ಕೊಟ್ಟೆ. "ನಮ್ಮ ಮನೆ ಕಾಣಿಕೆ," ಎಂದೆ. ಬಾಗಿಲ ಕಡೆ ನಡೆದೆ. ಈ ಸಲ ಬಾಗಿಲಲ್ಲಿ ಯಾರೂ ಅಡ್ಡ ನಿಂತಿರಲಿಲ್ಲ.

"ಎಲ್ಲಿಗೋ ಹೊರಟೆ? ಶಾಲೆಗೆ ಒಂದು ಕೃತಜ್ಞತೆ ಹೇಳೋ!" ಎಂದ ಫೆರೆತಿ.

ಬ್ರದರ್ ಅಲೋಸಿಯೋ ಕನ್ನಡಕದ ಮಂಜು ಒರೆಸಿ, ಹಾಕಿಕೊಂಡು, ಹೊಸ ಹೆಸರು ಓದಲು ಹಲಗೆಯತ್ತ ಕತ್ತೆತ್ತಿದ್ದರು. ಹನ್ನೊಂದನೆಯ ಸಾಲು ಓದಿದರು. ಆಮೇಲೆ ಅವರ ಗಲ್ಲ ನಿಧಾನವಾಗಿ ಇನ್ನೂ ಮೇಲಕ್ಕೆ ಹೋಯಿತು.

"ಫೆರೆತಿ," ಎಂದರು, "ನಿನ್ನ ಹೆಸರಿನ ಪಕ್ಕ ಇದೇನಪ್ಪಾ ಚಿತ್ರ? ಒಂದು ಬೂಟು ಇದೆ... ಲೇಸು ಕಟ್ಟಿದ, ಹೊಸ ಬೂಟು. ಅದರ ಮುಂದೆ ಗಾಳೀಲಿ ಏನೋ ಹಾರ್ತಾ ಇದೆ. ಚೆಂಡಲ್ಲ. ಇದಕ್ಕೆ ಐದು ಬೆರಳಿದೆ."

ಬೆಂಚುಗಳ ಮೇಲಿದ್ದ ಮುನ್ನೂರು ಜನ ಒಟ್ಟಿಗೆ ಕತ್ತೆತ್ತಿದ ಸದ್ದು ನನ್ನ ಬೆನ್ನಿಗೆ ಕೇಳಿಸಿತು. ಅಡಿಗೆಯವಳು, "ಅಯ್ಯೋ ಮಾತೆ, ನಾನು ನೋಡಿದ್ದು ಅದೇ ಬೂಟು!" ಎಂದಳು. ಸಾರ್ಜೆಂಟ್ ಪುಸ್ತಕದ ಹಾಳೆ ತಿರುವಿದ.

"ಪೆನಿ! ಲೋ ಪೆನಿ! ಬಾಯಿ ಬಿಡಲ್ಲ ಅಂದಿದ್ಯಲ್ಲೋ!"

ಜಗಲಿಯಲ್ಲಿ ಸಂತರ ಐದು ಬೆರಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಪಿಲಾತ ಎದ್ದು, ಬಾಲ ಅಲ್ಲಾಡಿಸಿ, ದಾರಿ ಬಿಟ್ಟಿತು. ನಾನು ಬಾಯಿ ಬಿಡದೆ ರಸ್ತೆಗೆ ನಡೆದೆ.